ಹಳದಿ ತುಳಿಯದ ನಾಯಿ

ಗೆದ್ದವರಿಗೆ ಬಹುಮಾನ ಸಿಗುತ್ತದೆ. ಸೋತವರಿಗೆ ಸಮಾಧಾನದ ನಾಲ್ಕು ಮಾತಾದರೂ ಸಿಗುತ್ತವೆ. ಈ ಎರಡರ ನಡುವೆ ಸಿಕ್ಕಿಕೊಂಡ ನನ್ನಂಥವರಿಗೆ ಸಿಗುವುದು ‘ಭಾಗವಹಿಸಿದ್ದಾರೆ’ ಎಂದು ಬರೆದ ಒಂದು ಕಾಗದ. ನನ್ನ ಟ್ರಂಕಿನಲ್ಲಿ ಅಂಥ ಹನ್ನೊಂದು ಕಾಗದಗಳಿವೆ. ಚರ್ಚಾ ಸ್ಪರ್ಧೆಯದು ಒಂದು, ಭಾವಗೀತೆಯದು ಒಂದು, ಶಿಕ್ಷಕರ ಕೇರಂ ಪಂದ್ಯದ್ದೇ ಮೂರು. ಗುಂಡು ಎಸೆತದಲ್ಲಿ ಗುಂಡು ನನ್ನ ಕಾಲಬೆರಳಿನ ಮೇಲೆಯೇ ಬಿತ್ತು. ಅದಕ್ಕೂ ಕಾಗದ ಕೊಟ್ಟರು. ಗುಡಗೇರಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಮಕ್ಕಳ ಪ್ರಮಾಣಪತ್ರ ಬರೆಯುವ ಕೆಲಸವೂ ವರ್ಷಾವರ್ಷ ನನ್ನ ಕೊರಳಿಗೇ ಬೀಳುತ್ತದೆ. ‘ಭಾಗವಹಿಸಿದ್ದಾರೆ’ ಎಂಬ ಶಬ್ದವನ್ನು ನನ್ನಷ್ಟು ಸಲ ಬರೆದವರು, ನನ್ನಷ್ಟು ಸಲ ಪಡೆದವರು ಇಡೀ ಕುಂದಗೋಳ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಐವತ್ತು ತುಂಬುವುದರೊಳಗೆ ಆ ಶಬ್ದವಿಲ್ಲದ ಒಂದು ಕಾಗದ ಸಂಪಾದಿಸಲೇಬೇಕು ಎಂದು ನಾನು ಹಟ ಹಿಡಿದಾಗ ನನಗೆ ನಲವತ್ತೊಂಬತ್ತು. ನನ್ನ ಎರಡು ಕಾಲಿನ ಮೇಲೆ ನನಗೆ ಭರವಸೆ ಇರಲಿಲ್ಲ. ಮನೆಯಲ್ಲಿ ನಾಲ್ಕು ಕಾಲಿನದೊಂದು ಇತ್ತು.

ಅದರ ಹೆಸರು ಚುರಮರಿ. ಒಂದು ದಿನ ಸಂತೆಯಿಂದ ಬರುವಾಗ ನನ್ನ ಕೈಯಲ್ಲಿದ್ದ ಚುರಮರಿ ಪೊಟ್ಟಣದ ಬೆನ್ನು ಹತ್ತಿ ಬಂದ ಮರಿ; ಪೊಟ್ಟಣ ಖಾಲಿಯಾದರೂ ವಾಪಸು ಹೋಗಲಿಲ್ಲ. ಬಿಳಿ ಮೈ, ಅಲ್ಲಲ್ಲಿ ಖಾರಪುಡಿ ಉದುರಿಸಿದಂತೆ ಕೆಂಪು ಚುಕ್ಕೆ. ತಳಿ ಯಾವುದು ಎಂದರೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಅದರ ಜಿಗಿತ ನೋಡಬೇಕು. ಹಿತ್ತಲ ಗೋಡೆ ಜಿಗಿಯುತ್ತದೆ, ನಿಂತ ಸ್ಕೂಟರ್ ಜಿಗಿಯುತ್ತದೆ, ಒಮ್ಮೆ ಅಂಗಳದಲ್ಲಿ ಕೂತು ಶೇಂಗಾ ಆರಿಸುತ್ತಿದ್ದ ನನ್ನ ಹೆಂಡತಿ ಗಿರಿಜೆಯನ್ನೇ ಜಿಗಿದಿತ್ತು. ರೇಬೀಸ್ ಚುಚ್ಚುಮದ್ದಿಗೆಂದು ಕರೆದುಕೊಂಡು ಹೋದಾಗ ಅದು ದವಾಖಾನೆಯ ಮೇಜು ಜಿಗಿದದ್ದನ್ನು ಕಂಡು ಡಾಕ್ಟರು ಹೇಳಿದರು, “ಮಾಸ್ತರ, ಹುಬ್ಬಳ್ಳ್ಯಾಗ ನಾಯಿಗಳ ಅಜಿಲಿಟಿ ಸ್ಪರ್ಧಾ ಐತ್ರಿ. ಅಡೆತಡಿ ದಾಟಿ ಓಡೂದು, ಬಾಜೂಕ ಮಾಲಕರೂ ಓಡೂದು. ನಿಮ್ಮ ನಾಯಿಗೆ ಹೇಳಿ ಮಾಡಿಸಿದಂಗ ಐತಿ.” ಮಾಲಕರ ಬಗ್ಗೆ ಅವರು ಏನೂ ಹೇಳಲಿಲ್ಲ. ಕೈಗೆ ಒಂದು ನಿಯಮಗಳ ಪುಸ್ತಿಕೆ ಕೊಟ್ಟರು.

ನಿಯಮ ಎಂದರೆ ನನಗೆ ಪ್ರಾಣ. ಇಡೀ ಪುಸ್ತಿಕೆಯನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿ, ಮುಖ್ಯವಾದದ್ದಕ್ಕೆ ಕೆಂಪು ಗೆರೆ ಎಳೆದೆ. ನಾಯಿಗೆ ಒಂದೂವರೆ ವರ್ಷ ತುಂಬಿರಬೇಕು. ನಮ್ಮವ್ವನನ್ನು ಕೇಳಿದರೆ, “ಹೋದ ಸಲದ ಹಿಂದಿನ ಶೇಂಗಾ ಕೀಳೂ ಮುಂದ ಬಂತು ನೋಡು” ಎಂದಳು. ಅರ್ಜಿಯಲ್ಲಿ ಶೇಂಗಾ ಬರೆಯಲು ಜಾಗ ಇರಲಿಲ್ಲವಾದ್ದರಿಂದ ಡಾಕ್ಟರು ಹಲ್ಲು ನೋಡಿ ವಯಸ್ಸು ಬರೆದುಕೊಟ್ಟರು. ಹೆಗಲಿನ ತನಕ ಎತ್ತರ ಅಳೆಯಬೇಕು. ಅದರ ಮೇಲೆ ಅಡ್ಡಪಟ್ಟಿಯ ಎತ್ತರ ನಿರ್ಧಾರ. ಶಾಲೆಯ ಕರಿಹಲಗೆಯ ಅಳತೆಪಟ್ಟಿ ತಂದು ಅಳೆದೆ. ಓಡುವಾಗ ಕೊರಳಲ್ಲಿ ಪಟ್ಟಿ ಇರಬಾರದು, ನಡೆಸುವವರ ಕೈಯಲ್ಲಿ ತಿನಿಸು ಇರಬಾರದು, ನಾಯಿಯನ್ನಾಗಲಿ ಅಡೆತಡೆಯನ್ನಾಗಲಿ ಅವರು ಕೈಯಿಂದ ಮುಟ್ಟಬಾರದು. ಮುಟ್ಟಿದರೆ ಐದು ತಪ್ಪಂಕ. ಅಡೆತಡೆಗಳ ಕ್ರಮಸಂಖ್ಯೆ ತಪ್ಪಿದರೆ ಔಟ್, ನಾಯಿ ಮೂರು ಸಲ ಒಲ್ಲೆನೆಂದರೂ ಔಟ್. ಏರಿಳಿಯುವ ಹಲಗೆಗಳ ತುದಿಗೆ ಹಳದಿ ಬಣ್ಣದ ಪಟ್ಟಿ ಇರುತ್ತದೆ; ಇಳಿಯುವಾಗ ಒಂದು ಪಾದವಾದರೂ ಅದರ ಮೇಲೆ ಬೀಳಬೇಕು, ಇಲ್ಲದಿದ್ದರೆ ಅದಕ್ಕೂ ಐದು. ಕಡೆಗೆ ಒಂದು ಸಾಲು: ಹೊಸಬರ ವಿಭಾಗದಲ್ಲಿ ಸೊನ್ನೆ ತಪ್ಪಂಕದಲ್ಲಿ ಓಟ ಮುಗಿಸಿದವರಿಗೆಲ್ಲ ‘ಉತ್ತೀರ್ಣ’ ಎಂಬ ಪ್ರಮಾಣಪತ್ರ. ಯಾರನ್ನೂ ಸೋಲಿಸಬೇಕಾಗಿಲ್ಲ, ತಪ್ಪು ಮಾಡದಿದ್ದರೆ ಸಾಕು. ಆ ಸಾಲಿಗೆ ಮೂರು ಗೆರೆ ಎಳೆದೆ.

ಅಷ್ಟಕ್ಕೇ ಸುಮ್ಮನಿರದೆ ಶಿಕ್ಷಕರ ಕೋಣೆಯಲ್ಲಿ ಬಾಯಿ ಬಿಟ್ಟೆ. ಪಿ.ಟಿ. ಮಾಸ್ತರ ಪಾಟೀಲರು ಚಹಾ ಬಸಿಗೆ ಸುರುವುತ್ತ, “ನಾಯಿ ಓಡತೈತಿ ಖರೆ. ನೀವು ಓಡತೀರೇನ್ರಿ ಸರ?” ಎಂದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. “ಸೊನ್ನೆ ತಪ್ಪಿನ ಕಾಗದ ತಂದು ಇದ ಗ್ವಾಡಿಗೆ ಹಚ್ಚತೀನಿ, ನೋಡ್ರಿ” ಎಂದುಬಿಟ್ಟೆ. ಅದೇ ಗೋಡೆಯಲ್ಲಿ ಪಾಟೀಲರ ಜಿಲ್ಲಾ ಮಟ್ಟದ ಪ್ರಮಾಣಪತ್ರ ಗಾಜು ಹಾಕಿಸಿಕೊಂಡು ತೂಗುತ್ತದೆ. ಇಪ್ಪತ್ತು ವರ್ಷ ಅದರ ಕೆಳಗೆ ಕೂತು ಚಹಾ ಕುಡಿದವನ ಸಂಕಟ ನಿಮಗೆ ತಿಳಿದೀತು.

ಹಿತ್ತಲಲ್ಲಿ ತಾಲೀಮು ಶುರುವಾಯಿತು. ಬೇವಿನ ಮರಕ್ಕೆ ಟೈರು ಕಟ್ಟಿದೆ. ಗೋಣಿಚೀಲ ಹೊಲಿದು ಸುರಂಗ ಮಾಡಿದೆ. ಹತ್ತಿಕಟ್ಟಿಗೆ ಸಾಲಾಗಿ ನೆಟ್ಟು ಅವುಗಳ ನಡುವೆ ಹಾವಿನಂತೆ ನುಸುಳುವುದನ್ನು ಕಲಿಸಿದೆ. ಅಟ್ಟದಲ್ಲಿದ್ದ ಹಳೆಯ ಬಾಗಿಲಿನ ಎರಡು ಹಲಗೆ ಜೋಡಿಸಿ ಏರುದಾರಿ ಮಾಡಿ, ತುದಿಗೆ ಹಳದಿ ಬಣ್ಣ ಬಳಿದೆ. ಚುರಮರಿ ಎಲ್ಲವನ್ನೂ ಹದಿನೈದು ದಿನದಲ್ಲಿ ಕಲಿಯಿತು, ಹಳದಿಯೊಂದನ್ನು ಬಿಟ್ಟು. ಹಲಗೆ ಏರುತ್ತದೆ, ಇಳಿಯುತ್ತದೆ, ಹಳದಿ ಹತ್ತಿರ ಬಂತೋ, ಮೈ ಮುದುಡಿ ಹನುಮಂತನಂತೆ ಹಾರಿಬಿಡುತ್ತದೆ. ರೊಟ್ಟಿ ಚೂರು ಇಟ್ಟೆ. ಕತ್ತು ಚಾಚಿ ತಿಂದು ಪಾದ ಹಿಂದೆಯೇ ಇಟ್ಟುಕೊಂಡಿತು. ಬಣ್ಣದ ವಾಸನೆ ಇರಬೇಕೆಂದು ತೊಳೆದೆ. ಜಾರುತ್ತದೆಂದು ಮರಳು ಅಂಟಿಸಿದೆ. ನಾಯಿಗೆ ಹಳದಿ ಕಾಣುವುದೇ ಇಲ್ಲವೇನೋ ಎಂದು ಡಾಕ್ಟರಿಗೆ ಫೋನ್ ಮಾಡಿದೆ. “ಮಾಸ್ತರ, ನಾಯಿಗೆ ಛಲೋತ್ನಂಗ ಕಾಣೋ ಬಣ್ಣದಾಗ ಅದೂ ಒಂದ್ರಿ” ಎಂದರು. ಹೀಗೆ ಒಂದು ತಿಂಗಳು ಹಾಳಾಯಿತು.

ಒಂದು ಶುಕ್ರವಾರ ಮುಂಜಾನೆ ಶಾಲೆಗೆ ಹೊರಟು ಪಡಸಾಲೆಯಲ್ಲಿ ನಿಂತಿದ್ದೆ. ಅವ್ವ ಎಂದಿನಂತೆ ಹೊಸ್ತಿಲು ತೊಳೆದು, ದಟ್ಟಗೆ ಅರಿಶಿಣ ಬಳಿದು, ಕುಂಕುಮ ಇಡುತ್ತಿದ್ದಳು. ಚುರಮರಿ ಹೊರಗಿನಿಂದ ಓಡಿಬಂತು. ಹೊಸ್ತಿಲ ಹತ್ತಿರ ಮೈ ಮುದುಡಿತು, ಹಾರಿತು. ಅದೇ ಜಿಗಿತ. ನಾನು ಚೀಲ ಕೆಳಗಿಟ್ಟು ಅಲ್ಲೇ ಕೂತೆ. ಎಪ್ಪತ್ತು ದಾಟಿದ ನಮ್ಮವ್ವ ಆ ನಾಯಿಗೆ, ಅದು ಮರಿಯಾಗಿದ್ದಾಗಿನಿಂದ, ಕಸಬರಗಿ ಹಿಡಿದು ಒಂದೇ ಪಾಠ ಕಲಿಸಿದ್ದಳು: ಹಳದಿ ಬಳಿದದ್ದನ್ನು ತುಳಿಯಬಾರದು. ನಲವತ್ತು ವರ್ಷದ ಹಿಂದೆ ಅದೇ ಪಾಠವನ್ನು, ಬಹುಶಃ ಅದೇ ಕಸಬರಗಿಯ ಅಜ್ಜಿಯಿಂದ, ನನಗೂ ಕಲಿಸಿದ್ದಳು. ದಾಟಬೇಕು, ತುಳಿಯಬಾರದು, ಅಪ್ಪಿತಪ್ಪಿ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಬಗ್ಗುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾಯಿ ಚೊಕ್ಕಾಗಿ ಕಲಿತಿತ್ತು.

“ಅವ್ವಾ, ನಾಯಿ ಹಳದಿ ತುಳೀಬೇಕು” ಎಂದೆ. ಅವ್ವ ಕುಂಕುಮದ ಬಟ್ಟಲು ಹಿಡಿದುಕೊಂಡೇ ನನ್ನ ಮುಖ ನೋಡಿದಳು. “ಮಾಸ್ತರಕಿ ಮಾಡಿ ಮಾಡಿ ತಲಿ ಕೆಟ್ಟೈತೇನು ನಿನಗ? ಮಂದಿ ನಾಯಿಗೆ ಮರ್ಯಾದಿ ಕಲಸ್ತಾರ. ನೀ ಕಲ್ತ ಮರ್ಯಾದಿ ಬಿಡಿಸಾಕ ಹೊಂಟಿ.” ಒಳಗಿನಿಂದ ಗಿರಿಜೆ, “ಆ ಸಾಲಿ ಗ್ವಾಡಿಗೆ ಒಂದು ಕ್ಯಾಲೆಂಡರ್ ಹಚ್ಚಿ ಬಿಡ್ರಿ, ನಡೀತೈತಿ” ಎಂದಳು. ನಾನು ಬಿಡಲಿಲ್ಲ. ಹನ್ನೊಂದು ಕಾಗದಗಳನ್ನು ಟ್ರಂಕಿನಿಂದ ತೆಗೆದು ಅವ್ವನ ಮುಂದೆ ಹರವಿದೆ. ಅವಳಿಗೆ ಓದು ಬಾರದು. “ಎಲ್ಲಾದರಾಗೂ ಒಂದ ಬರದೈತೇನು?” ಎಂದು ಕೇಳಿದಳು. ಹೌದೆಂದೆ. ಕಾಗದಗಳನ್ನು ಒಟ್ಟುಮಾಡಿ ನನ್ನ ಕೈಗಿಟ್ಟಳು. ಆಮೇಲೆ, “ಬಯಲಾಗ ತುಳೀಲಿ. ನನ್ನ ಹೊಸ್ತಲಕ್ಕ ಕಾಲು ಹತ್ತಿತಂದ್ರ ಅವತ್ತ ನಿನ್ನ ಸ್ಪರ್ಧಾ ಮುಗೀತು” ಎಂದಳು. ನನ್ನ ಜೀವನದಲ್ಲಿ ಇಷ್ಟು ಕಠಿಣವಾದ ನಿಯಮ ಯಾವ ಪುಸ್ತಿಕೆಯಲ್ಲೂ ನಾನು ಓದಿಲ್ಲ.

ಆಮೇಲಿನ ಒಂದು ತಿಂಗಳು ನಮ್ಮ ಮನೆಯಲ್ಲಿ ಎರಡು ಶಾಲೆ ನಡೆದವು. ಹಿತ್ತಲಲ್ಲಿ ನಾನು ಹಲಗೆಯ ಬಾಜೂಕ ನಿಂತು “ತುಳಿ” ಎನ್ನುವುದು, ಅಂಗಳದಲ್ಲಿ ಅವ್ವ ಹೊಸ್ತಿಲ ಬಾಜೂಕ ನಿಂತು “ದಾಟು” ಎನ್ನುವುದು. ಎಲ್ಲಿ ತಪ್ಪಿದರೂ ರೊಟ್ಟಿ ಇಲ್ಲ. ಮೊದಲ ವಾರ ನಾಯಿ ಎರಡೂ ಕಡೆ ಕೂತು ಆಕಾಶ ನೋಡಿತು. ಎರಡನೆಯ ವಾರ ಹಲಗೆಯ ಮೇಲೆ ಒಂದು ಪಾದ ಇಟ್ಟು, ಕಸಬರಗಿ ಎಲ್ಲಿದೆ ಎಂದು ತಿರುಗಿ ನೋಡಿತು. ನಾಲ್ಕನೆಯ ವಾರ ಹಲಗೆಯನ್ನು ತುಳಿಯಿತು, ಹೊಸ್ತಿಲನ್ನು ದಾಟಿತು, ಒಮ್ಮೆಯೂ ತಪ್ಪಲಿಲ್ಲ. “ನಿನಗಿಂತ ಶಾಣ್ಯಾ ಐತಿ” ಎಂದು ಅವ್ವ ಅಭಿಪ್ರಾಯ ಕೊಟ್ಟಳು. ನನಗೆ ಖುಷಿಯೇ ಆಯಿತು.

ಸ್ಪರ್ಧೆಯ ದಿನ ನಾನು, ಗಿರಿಜೆ, ಚುರಮರಿ ಒಂದು ಟೆಂಪೊದಲ್ಲಿ ಹುಬ್ಬಳ್ಳಿಗೆ ಹೋದೆವು. ಸಂಜೆ ದೀಪ ಹಚ್ಚುವವರು ಬೇಕೆಂದು ಅವ್ವ ಬರಲಿಲ್ಲ. ಅಲ್ಲಿ ಬಂದ ನಾಯಿಗಳಿಗೆ ಮಡಚುವ ಕುರ್ಚಿ, ಮೈ ತಂಪಿಡುವ ಅಂಗಿ, ತಮ್ಮದೇ ನೀರಿನ ಬಾಟಲಿ. ನಮ್ಮದಕ್ಕೆ ಗಿರಿಜೆಯ ಹಳೆಯ ಸೀರೆಯ ತುಂಡು. ಮೈಕಿನಲ್ಲಿ “ಮುಂದಿನ ಸ್ಪರ್ಧಿ, ಚುರಮರಿ” ಎಂದಾಗ ಹಗ್ಗದಾಚೆಯಿಂದ ಯಾರೋ, “ಜೋಡಿ ಮಿರ್ಚಿ ಭಜಿ ಐತೇನ್ರಿ?” ಎಂದರು. ನಗುವವರು ನಗಲಿ ಎಂದುಕೊಂಡು ಕೊರಳಪಟ್ಟಿ ಬಿಚ್ಚಿದೆ.

ಓಡಿದೆವು. ಅಡ್ಡಪಟ್ಟಿಗಳು ಅಲುಗಲಿಲ್ಲ. ಸುರಂಗದಲ್ಲಿ ಹೋದದ್ದು ಅತ್ತ ಕಡೆಯಿಂದಲೇ ಬಂತು. ಕೋಲುಗಳ ಸಾಲಿನಲ್ಲಿ ಒಂದನ್ನೂ ಬಿಡಲಿಲ್ಲ. ಏರುದಾರಿಯಲ್ಲಿ “ತುಳಿ” ಎಂದೆ, ತುಳಿಯಿತು. ತೂಗುಹಲಗೆಯಲ್ಲೂ ಅದನ್ನೇ ಎಂದೆ, ತುಳಿಯಿತು. ಉಸಿರು ನನ್ನ ಕಿವಿಯಿಂದ ಬರುತ್ತಿತ್ತು, ಆದರೂ ಬಿಡಲಿಲ್ಲ. ಕಡೆಯದು ಉದ್ದನೆಯ ಹಲಗೆಯ ಸೇತುವೆ. ಚುರಮರಿ ಅದರ ತುದಿಗೆ ಬಂದು ಎರಡೂ ಮುಂಗಾಲು ಹಳದಿಯ ಮೇಲೆ ಊರಿ, ಸರಿಯಾಯಿತೇ ಎಂಬಂತೆ ನನ್ನನ್ನು ನೋಡಿತು. ನನ್ನ ಕಣ್ಣು ತುಂಬಿ ಬಂತು. ಶಿಕ್ಷಕರ ಕೋಣೆಯ ಗೋಡೆ ಎದುರಿಗೆ ನಿಂತಂತಾಯಿತು. ಆ ಭರದಲ್ಲಿ ನನ್ನ ಬೂಟು ಸೇತುವೆಯ ಹಳದಿ ತುದಿಗೆ ತಾಗಿತು. ನಾನು ಬಗ್ಗಿದೆ, ಬಲಗೈಯಿಂದ ಹಳದಿಯನ್ನು ಮುಟ್ಟಿದೆ, ಎರಡೂ ಕಣ್ಣಿಗೆ ಒತ್ತಿಕೊಂಡೆ, ಆಮೇಲೆ ಓಡಿ ಗೆರೆ ದಾಟಿದೆ.

ತೀರ್ಪುಗಾರ್ತಿ ಐದು ಬೆರಳು ಎತ್ತಿ ನಿಂತಿದ್ದರು. “ಸಾರ್, ಅಷ್ಟು ಚೆನ್ನಾಗಿ ಬಂದು ಕೊನೇಲಿ ಯಾಕೆ ಮುಟ್ಟಿದ್ರಿ?” ಎಂದು ಬಹಳ ಮರುಕದಿಂದ ಕೇಳಿದರು. “ಕಾಲು ಹತ್ತಿತ್ರಿ” ಎಂದೆ. ಅವರಿಗೆ ತಿಳಿಯಲಿಲ್ಲ. ನಾಯಿಗೆ ಸೊನ್ನೆ, ಮಾಸ್ತರಿಗೆ ಐದು. ವಾಪಸು ಬರುವಾಗ ಟೆಂಪೊದಲ್ಲಿ ಗಿರಿಜೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. “ಹಿತ್ತಲದಾಗೂ ದಿನಾ ಹಂಗ ಮಾಡತಿದ್ರಿ. ಅದೂ ನಿಮ್ಮ ನಿಯಮದಾಗ ಒಂದು ಅಂತ ತಿಳಕೊಂಡಿದ್ನಿ ನಾ” ಎಂದಳು.

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಇದ್ದಳು. ಚುರಮರಿ ಹೊಸ್ತಿಲು ದಾಟಿತು, ಹಿಂದೆ ನಾನೂ ದಾಟಿದೆ. “ನಾಯಿ ಹಳದಿ ತುಳೀತೇನು?” ಎಂದಳು. ತುಳಿಯಿತು ಎಂದೆ. “ಮತ್ತ ಕಾಗದ?” ನಡೆದದ್ದನ್ನು ಹೇಳಿ ಹನ್ನೆರಡನೆಯ ಕಾಗದವನ್ನು ಅವಳ ಕೈಗೆ ಕೊಟ್ಟೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಅದರ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿ ದೇವರ ಜಗಲಿಯ ಮೇಲಿಟ್ಟು, “ನಾಯಿ ಮರತ್ರೂ ಮಗಾ ಮರೀಲಿಲ್ಲ” ಎಂದು, ಆ ದಿನ ನನಗೆ ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ಆದರೆ ಶಿಕ್ಷಕರ ಕೋಣೆಯ ಗೋಡೆಯಲ್ಲಿ ನನ್ನ ಜಾಗ ಇನ್ನೂ ಖಾಲಿ ಇದೆ, ನಾನು ಬಿಡುವವನಲ್ಲ. ಈಗ ದಿನಾ ಸಂಜೆ ಹಿತ್ತಲಲ್ಲಿ ನಾನು ಹಲಗೆಗೆ ಬೇಕೆಂದೇ ಕಾಲು ತಾಗಿಸಿ ಓಡುತ್ತೇನೆ. ಗಿರಿಜೆ ಬಾಜೂಕ ನಿಂತು, “ಮುಟ್ಟಬ್ಯಾಡ್ರಿ” ಎನ್ನುತ್ತಾಳೆ. ಮುಟ್ಟಿದ ದಿನ ಸಂಜೆಯ ಚಹಾ ಇಲ್ಲ. ಚುರಮರಿ ಬೇವಿನ ನೆರಳಲ್ಲಿ ಕೂತು ನೋಡುತ್ತದೆ. ಅದಕ್ಕೆ ಒಂದು ತಿಂಗಳು ಸಾಕಾಗಿತ್ತು. ನನಗೆ ಇದು ಮೂರನೆಯ ತಿಂಗಳು, ಇವತ್ತೂ ಚಹಾ ಇಲ್ಲ.