ಅಜ್ಜಿಯ ಸ್ಟಾರ್ಟರ್, ತಂಡೇಲರ ಮೀನು

“ಹ್ವಾಯ್ ಹೆಣೆ, ಅದೆಂತ ಸೀರೆಲಿ ಸುತ್ಕಂಡ್ ಬಂದದ್?”

ಶಿರೂರಿನ ಒಳರಸ್ತೆಯಲ್ಲಿ ಒಂದೇ ಬಾವಿಕಟ್ಟೆಯನ್ನು ಮೂರು ಸಲ ದಾಟಿ, ಸ್ಕೂಟರ್ ನಿಲ್ಲಿಸಿ ದಾರಿ ಕೇಳಿದವಳು ನಾನು. ಆದರೆ ಜಗಲಿಯಲ್ಲಿ ಕೂತು ಹೂ ಕಟ್ಟಲಿಕ್ಕೆ ಬಾಳೆನಾರು ಸೀಳುತ್ತಿದ್ದ ಅಜ್ಜಿಗೆ ಮೊದಲು ತನ್ನ ಉತ್ತರ ಬೇಕಿತ್ತು. ಟ್ಯೂಬ್‌ಲೈಟ್ ಅಂದೆ. ಒಡೆಯಬಾರದು ಅಂತ ಹಳೇ ಸೀರೆ ಸುತ್ತಿದ್ದೇನೆ ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಟ್ಯೂಬಿಗೆ ಸೀರೆ, ನಿಂಗೆ ಪ್ಯಾಂಟಾ?”

ನನ್ನ ಕೆಲಸದಲ್ಲಿ ಇಂಥದ್ದಕ್ಕೆ ಕೊರತೆಯೇ ಇಲ್ಲ. ಮುಂಬಯಿಯಲ್ಲಿ ವೈರಿಂಗ್ ಕಲಿತು, ಮಸ್ಕತ್ತು, ಮೊಂಬಾಸಾ ಅಂತ ಸುತ್ತಿ, ಕಂಡಕಂಡ ಹೋಟೆಲಿನ ಉಪ್ಪುನೀರಿನ ಅಕ್ವೇರಿಯಮ್ಮುಗಳಿಗೆ ಬೆಳಕು ಜೋಡಿಸಿ ಬಂದವಳು. ಅಲ್ಲೆಲ್ಲೂ ತಪ್ಪದ ದಾರಿ ಬೈಂದೂರು, ಕುಂದಾಪುರ, ಬ್ರಹ್ಮಾವರದ ನಡುವೆ ವಾರಕ್ಕೆರಡು ಸಲ ತಪ್ಪುತ್ತದೆ.

ಒಂದು

ನಾನು ಹುಡುಕುತ್ತಿದ್ದದ್ದು ತಂಡೇಲರ ಮನೆ. ಮೂವತ್ತು ವರ್ಷ ಮೀನುಗಾರಿಕೆ ದೋಣಿ ನಡೆಸಿದವರು; ಮಂಡಿ ಆಪರೇಷನ್ ಆದಮೇಲೆ ಕಡಲಿಗೆ ಹೋಗುವಂತಿಲ್ಲ. ಹಾಗಾಗಿ ಕಡಲನ್ನೇ ನಾಲ್ಕಡಿ ಗಾಜಿನೊಳಗೆ ಮನೆಗೆ ತಂದುಕೊಂಡಿದ್ದರು. ಅಜ್ಜಿ ಕೈಯೆತ್ತಿ ತಮ್ಮ ಮನೆಯ ಹಿಂದೆ ತೋರಿಸಿದರು. ಬೇಲಿ ದಾಟಿದರೆ ಅದೇ ಮನೆ.

ಮೀನಿಗೆ ಲೈಟು ಎಂಥದಕ್ಕೆ, ಕಡಲಿನೊಳಗೆ ಯಾರು ಲೈಟು ಹಾಕಿದ್ದಾರೆ ಅಂತ ಅಜ್ಜಿ ವಿಚಾರಿಸುತ್ತಿರುವಾಗಲೇ ನಾನು ಬ್ಯಾಗು ತೆರೆದೆ. ತಂದಿದ್ದ ಸ್ಟಾರ್ಟರ್ ಇಕ್ಕಳದ ಕೆಳಗೆ ಸಿಕ್ಕಿ ನುಜ್ಜುಗುಜ್ಜಾಗಿತ್ತು. ಹೆಬ್ಬೆರಳಿನಷ್ಟು ಸಾಮಾನು, ಆದರೆ ಅದಿಲ್ಲದೆ ಹಳೇ ಟ್ಯೂಬು ಹೊತ್ತುವುದಿಲ್ಲ. ಈಗ ಅಂಗಡಿ ತುಂಬ ಎಲ್‌ಇಡಿ. ಸ್ಟಾರ್ಟರ್ ಕೇಳಿದರೆ ಅಂಗಡಿಯವರು ನನ್ನನ್ನೇ ಹಳೇ ಸಾಮಾನಿನ ಹಾಗೆ ನೋಡುತ್ತಾರೆ.

ಅಜ್ಜಿ ತಮ್ಮ ಜಗಲಿಯ ಟ್ಯೂಬು ತೋರಿಸಿ, ಅದರದ್ದು ತೆಗೆದುಕೋ ಅಂದರು. ಮತ್ತೆ ಒಂದು ಮಾತು ಸೇರಿಸಿದರು.

“ಬೆಳಿಗ್ಗೆ ಐದಕ್ಕೆ ಹೂಂಗ್ ಕಟ್ಟೂಕೆ ಕೂಕಂತೆ. ಮೊದಲ್ನೇ ಬಸ್ಸಿಗೆ ಕೊಡ್ಕ್. ಎರಡ್ ದಿನದಂಗೆ ತಂದ್ ಕೊಡ್, ಕಣ್ಣ್ ಕಾಣುದಿಲ್ಲೆ.”

ಎರಡೇ ದಿನ ಅಂತ ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವ ದೇಶದಲ್ಲೂ ಹಿಂದೆ ಬಿದ್ದವಳಲ್ಲ.

ಎರಡು

ತಂಡೇಲರ ಹೆಂಡತಿ ಮೀನು ಮಾರಿ ಮನೆ ನಡೆಸಿದ ಗಟ್ಟಿ ಹೆಂಗಸು. ಬಾಗಿಲಲ್ಲೇ ನನಗೆ ವರದಿ ಒಪ್ಪಿಸಿದರು: ಲೈಟು ಹೋಗಿ ನಾಲ್ಕು ದಿನ, ಸರಿಯಾಗಿ ಊಟ ಇಲ್ಲ, ಮೂಲೆ ಬಿಟ್ಟು ಅಲ್ಲಾಡುವುದಿಲ್ಲ. ಮೀನು ಹಾಗೇ ಮಾಡುತ್ತದೆ ಅಂತ ನಾನು ಸಮಾಧಾನ ಹೇಳಿದೆ.

“ಮೀನ್ ಲಾಯ್ಕಿತ್ತ್. ನಾ ಹೇಳೂದ್ ಇವರ ಸುದ್ದಿ.”

ಟ್ಯೂಬು ಎರಡು ಸಲ ಕಣ್ಣು ಹೊಡೆದು ಹೊತ್ತಿತು. ತಂಡೇಲರು ಕುರ್ಚಿಯಲ್ಲೇ ಮುಂದಕ್ಕೆ ಜರುಗಿದರು. ನಾನು ಮಾಪಕ ಇಳಿಸಿ ನೀರಿನ ಉಪ್ಪು ನೋಡಿ, ಸರಿ ಇದೆ ಅಂದೆ. ಹೆಂಡತಿ ಬೆರಳದ್ದಿ ನಾಲಗೆಗೆ ಮುಟ್ಟಿಸಿ, ಒಂದು ಹಿಡಿ ಕಡಿಮೆ ಅಂದರು. ಮನೆಗೆ ಬಂದು ಬೇರೆ ಮಾಪಕದ ಜೊತೆ ಹೋಲಿಸಿದೆ. ನನ್ನದೇ ಕೆಟ್ಟಿತ್ತು. ಈಗ ಹೊಸ ಮಾಪಕ ತಂದರೆ ಮೊದಲು ಅವರ ನಾಲಗೆಗೆ ಹಿಡಿದು ಪರೀಕ್ಷೆ ಮಾಡಿಸುತ್ತೇನೆ.

ಮೂರು

ಮರುದಿನವೇ ಕುಂದಾಪುರದ ಒಂದು ಮೀನೂಟದ ಹೋಟೆಲಿನಿಂದ ಕರೆ. ಅಲ್ಲಿಯ ಅಕ್ವೇರಿಯಮ್ಮಿಗೆ ನಾನೇ ಹಾಕಿದ್ದ ನೀಲಿ ಟ್ಯೂಬಿನ ಬೆಳಕು ಪಕ್ಕದ ಮೇಜಿಗೂ ಬಿದ್ದು, ಯಾರೋ ಒಬ್ಬರು ಬಂಗುಡೆ ಹಳಸಿ ನೀಲಿಗಟ್ಟಿದೆ ಅಂತ ತಟ್ಟೆ ವಾಪಸು ಕಳಿಸಿದ್ದರಂತೆ. ಬೆಳಕು ಹೊರಗೆ ಚೆಲ್ಲದ ಹಾಗೆ ತಗಡು ಬಗ್ಗಿಸಿ ಕಟ್ಟಿದೆ. ಆಮೇಲೆ ನೋಡಿದರೆ ಹೋಟೆಲಿನ ಸಾಹುಕಾರರು ಊಟದ ಹೊತ್ತಿಗೆ ಮೀನಿನ ತೊಟ್ಟಿಗೆ ಟವೆಲು ಹೊದಿಸುತ್ತಿದ್ದಾರೆ. ಇನ್ನು ಇದರ ಅಗತ್ಯವಿಲ್ಲ ಅಂದೆ. ಅವರು ದನಿ ತಗ್ಗಿಸಿದರು.

“ಗಿರಾಕಿಗಲ್ಲ ಮಾರಾಯ್ರೆ. ನೆಂಟ್ರನ್ನ್ ಹುರುದ್ ತಿಂಬುದನ್ನ್ ಇವು ಕಾಂಬುದ್ ಬ್ಯಾಡ ಅಂದೇಳಿ.”

ನಾಲ್ಕು

ವಾರ ಕಳೆದು ಬ್ರಹ್ಮಾವರ, ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಕಾಯುವವರ ಮನಸ್ಸಿಗೆ ತಂಪಾಗಲಿ ಅಂತ ಇಟ್ಟ ಅಕ್ವೇರಿಯಮ್ಮಿನ ಟ್ಯೂಬ್‌ಲೈಟಿನ ಹಳೇ ಚೋಕು ಗುಂಯ್ ಅನ್ನುತ್ತಿತ್ತು. ಹಲ್ಲು ಕೊರೆಯುವ ಮಿಷನ್ನು ಅಂದುಕೊಂಡು ಇಬ್ಬರು ಕೆನ್ನೆ ಹಿಡಿದುಕೊಂಡೇ ಮನೆಗೆ ಹೋಗಿದ್ದರು. ಸದ್ದಿಲ್ಲದ ಎಲೆಕ್ಟ್ರಾನಿಕ್ ಚೋಕು ಹಾಕಿಕೊಟ್ಟೆ. ಎರಡು ದಿನ ಬಿಟ್ಟು ಡಾಕ್ಟರೇ ಫೋನು ಮಾಡಿದರು. ಹಳೇ ಚೋಕು ಇದ್ದರೆ ವಾಪಸು ಹಾಕಬಹುದಾ ಅಂತ.

“ಈಗ ನಿಜವಾದ ಮಿಷನ್ನೇ ಹೊರಗೆ ಕೇಳ್ತದೆ ಮೇಡಂ.”

ಐದು

ಎಲೆಕ್ಟ್ರಾನಿಕ್ ಚೋಕಿಗೆ ಸ್ಟಾರ್ಟರ್ ಬೇಡ. ಚೋಕು ಬದಲಿಸಿದ ದಿನವೇ ಡಾಕ್ಟರನ್ನು ಕೇಳಿ, ಅಲ್ಲಿ ಉಳಿದ ಸ್ಟಾರ್ಟರನ್ನು ಕೈಯಲ್ಲಿ ಹಿಡಿದಾಗಲೇ ಅಜ್ಜಿ ನೆನಪಾದದ್ದು. ಎರಡು ದಿನ ಅಂದವಳು ಎಂಟು ದಿನ ಮಾಡಿದ್ದೆ. ಆ ಕಣ್ಣು ಕತ್ತಲಲ್ಲಿ ಮೊಗ್ಗು ತಡಕುವುದನ್ನು ಯೋಚಿಸಿ, ರಾತ್ರಿಯೇ ಅಲಾರಂ ಇಟ್ಟು ಮಲಗಿದೆ. ಮರುದಿನ ಅಜ್ಜಿ ಹೂವಿಗೆ ಕೂರುವ ಹೊತ್ತಿಗೇ ಶಿರೂರಿನಲ್ಲಿದ್ದೆ. ಅವತ್ತು ದಾರಿ ಕೂಡ ತಪ್ಪಲಿಲ್ಲ.

ಜಗಲಿ ಕತ್ತಲು, ಬಾಗಿಲಿಗೆ ಚಿಲಕ. ಚಿಲಕ ಅಲ್ಲಾಡಿಸಿ ಅಜ್ಜಿಯನ್ನು ಕೂಗಿದೆ. ಅಷ್ಟರಲ್ಲಿ ಬೇಲಿಯಾಚೆ ನಗು ಕೇಳಿತು.

ಹೋಗಿ ಇಣುಕಿದೆ. ತಂಡೇಲರ ಅಕ್ವೇರಿಯಮ್ಮು ಝಗಝಗ ಬೆಳಗುತ್ತಿದೆ. ಅದರ ಬುಡದಲ್ಲಿ ಅಜ್ಜಿ ಕಾಲು ಚಾಚಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾರೆ. ತಂಡೇಲರು ಮೊಗ್ಗು ಹೆಕ್ಕಿ ಜೋಡಿಸಿ ಕೊಡುತ್ತಿದ್ದಾರೆ. ಹೆಂಡತಿ ಚಾ ಸೋಸುತ್ತಿದ್ದಾರೆ. ಮೀನುಗಳೆಲ್ಲ ಅಜ್ಜಿಯ ಕಡೆಯ ಗಾಜಿಗೆ ಮೂತಿ ಒತ್ತಿ ನಿಂತಿವೆ. ಬೆಳಕು ಜಾಸ್ತಿಯಾಗಿ ಗಾಜಿಗೆ ಪಾಚಿ ಹಿಡಿಯಲು ಶುರುವಾಗಿತ್ತು. ಅದನ್ನು ಹೇಳುವ ಮನಸ್ಸಾಗಲಿಲ್ಲ.

ನನ್ನನ್ನು ಕಂಡು ಅಜ್ಜಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ.

“ನನ್ನ್ ಸ್ಟಾರ್ಟರ್ ಎಲ್ಲಿತ್ತೋ, ನಾ ಅಲ್ಲಿಗೆ ಬಂದೆ.”

ಹೂವು ಬಸ್ಸಿಗೆ ಹೋದಮೇಲೆ ಅಜ್ಜಿಯ ಜೊತೆ ಅವರ ಜಗಲಿಗೆ ನಡೆದೆ. ಸ್ಟೂಲು ಹತ್ತಿ ಸ್ಟಾರ್ಟರ್ ತಿರುಗಿಸಿ ಕೂರಿಸಿ ಸ್ವಿಚ್ಚು ಹಾಕಿದೆ. ಟ್ಯೂಬು ಹೊತ್ತಿತು. ಅಜ್ಜಿ ಬೆಳಕಿಗೆ ಕೈ ಮುಗಿದರು. ತಡವಾಯಿತು, ಆದರೂ ಋಣ ತೀರಿತಲ್ಲ ಅಜ್ಜಿ ಅಂದೆ. ತೀರಿತು ಅಂತ ಒಪ್ಪಿಕೊಂಡರು. ಆಮೇಲೆ ಬೇಲಿಯ ಕಡೆ ಒಂದು ಸಲ ನೋಡಿ, ತಾವೇ ಹೋಗಿ ಸ್ವಿಚ್ಚು ಆರಿಸಿದರು.

“ಇದ್ ಸರಿ ಆಯ್ತ್ ಅಂದ್ ಅವರ್ ಹತ್ರ ಹೇಳ್ಬೇಡ, ಆಯ್ತಾ.”