ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು

ತಂಗಡಿಪಾಳ್ಯ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಈ ದಿನದವರೆಗೆ ನಾನೂರ ಹನ್ನೆರಡು ಕುಟುಂಬಗಳಿಗೆ ಗ್ರಾಫಿಕ್ಸ್ ಕಾರ್ಡ್ ವಿತರಿಸಲಾಗಿದ್ದು, ಉಳಿದ ಅರ್ಜಿಗಳು ಪರಿಶೀಲನೆಯಲ್ಲಿರುತ್ತವೆ. ಐ.ಡಿ.ಹಳ್ಳಿ ದಾಟಿ ಪಾವಗಡದ ಕಡೆ ಹೋಗುವಾಗ ಎಡಕ್ಕೆ ಸಿಗುವ ನಮ್ಮ ಊರಿನ ಬಗ್ಗೆ ಹೊರಗಿನವರು ಏನೇನೋ ಆಡಿಕೊಂಡು ನಗುತ್ತಿರುವುದು ಕಿವಿಗೆ ಬಿದ್ದಿದೆ. ಸದರಿ ಪಂಚಾಯಿತಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಿಲ್ ಕಲೆಕ್ಟರ್ ಆಗಿರುವ ವೀರಭದ್ರಯ್ಯನಾದ ನಾನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಗುವವರು ಪೂರ್ತಿ ಓದಿ ಆಮೇಲೆ ನಗಲಿ, ನನ್ನ ಅಭ್ಯಂತರವಿಲ್ಲ.

ಮೊದಲು ಹುಡುಗಿಯ ವಿಷಯ. ಕಡಲೆಕಾಯಿ ಬೆಳೆಯುವ ಮೋಹನ್ ಕುಮಾರ್ ಅವರ ಮಗಳು ಹರ್ಷಿತಾ, ಮಧುಗಿರಿಯಲ್ಲಿ ಬಿ.ಸಿ.ಎ. ಎರಡನೇ ವರ್ಷ ಓದುತ್ತಾಳೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಇರುವ ಒಂದು ಸೈಕಲ್ಲೂ ನೆಟ್ಟಗಿಲ್ಲ, ಅದು ಬೇರೆ ಮಾತು. ಕಾಲೇಜಿನ ಲ್ಯಾಬಿನಲ್ಲಿ ಅಭ್ಯಾಸ ಮಾಡಿ, ತುಮಕೂರಿನಲ್ಲಿ ನಡೆದ ಜಿಲ್ಲಾ ಮಟ್ಟದ ಇ-ಕ್ರೀಡಾ ಸ್ಪರ್ಧೆಯಲ್ಲಿ ಮೊದಲು ಬಂದುಬಿಟ್ಟಳು. ರಾಜ್ಯಮಟ್ಟದ ಸ್ಪರ್ಧೆ ಫೆಬ್ರವರಿ ಇಪ್ಪತ್ತಕ್ಕೆ ಎಂದು ಗೊತ್ತಾಯಿತು. ಅದನ್ನು ಅವರವರ ಮನೆಯಲ್ಲೇ ಕೂತು, ಅವರವರ ಲ್ಯಾಪ್‌ಟಾಪಿನಲ್ಲೇ ಆಡಬೇಕು. ಹರ್ಷಿತಾಳ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಇಪ್ಪತ್ತನೇ ತಾರೀಖಿನೊಳಗೆ ಒಂದು ಸಿಕ್ಕರೆ ಉಂಟು, ಇಲ್ಲದಿದ್ದರೆ ಗೆದ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪ್ರತಿ ಪಂಚಾಯಿತಿಯೂ ಒಬ್ಬ ಕ್ರೀಡಾಪಟುವಿಗೆ ಸಾಮಗ್ರಿ ಕೊಡಿಸತಕ್ಕದ್ದು ಎಂಬ ಸುತ್ತೋಲೆ ಎರಡು ವರ್ಷದಿಂದ ನಮ್ಮ ಬೀರುವಿನಲ್ಲಿತ್ತು. ಕ್ರೀಡಾಪಟು ಸಿಗದೆ ಹಣ ಹಾಗೇ ಉಳಿದಿತ್ತು. ಊರಿಗೆ ಇದ್ದ ಒಬ್ಬನೇ ಕಬಡ್ಡಿ ಆಟಗಾರ ಪಂಚಾಯಿತಿ ಮೆಂಬರಾಗಿ ದಪ್ಪಗಾಗಿದ್ದ. ಇಂಥ ಸಮಯಕ್ಕೆ ಹುಡುಗಿ ಅರ್ಜಿ ತಂದಳು. ಅಧ್ಯಕ್ಷರಾದ ಮೂಡಲಗಿರಿಯಪ್ಪನವರು ಅಂದೇ 'ಬಜೆಟ್ ಸ್ನೇಹಿ ಗೇಮಿಂಗ್ ಲ್ಯಾಪ್‌ಟಾಪ್ ಆಯ್ಕೆ ಸಮಿತಿ' ರಚಿಸಿದರು. ಅಧ್ಯಕ್ಷರು, ಪಿ.ಡಿ.ಒ. ಪ್ರಸನ್ನ ಕುಮಾರ್ ಮತ್ತು ನಾನು ಸದಸ್ಯರು. ಮೂವರಲ್ಲಿ ಲ್ಯಾಪ್‌ಟಾಪ್ ಮುಟ್ಟಿದವರು ಯಾರೂ ಇಲ್ಲದ್ದರಿಂದ ಆಯ್ಕೆ ನಿಷ್ಪಕ್ಷಪಾತವಾಗಿ ನಡೆಯುವುದೆಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಹುಡುಗಿ ಪಾಪ, ತಿಂಗಳುಗಟ್ಟಲೆ ಕೂತು ಎಲ್ಲ ವಿಚಾರಿಸಿದ್ದಳು. ಮಧುಗಿರಿ, ಕೊರಟಗೆರೆ, ಶಿರಾ ಮೂರೂ ಕಡೆಯ ಅಂಗಡಿ ಸುತ್ತಿ ಬೆಲೆ ಬರೆದುಕೊಂಡಿದ್ದಳು. ಪರದೆ ಚಿಕ್ಕದಾದರೂ ಆದೀತು, ಬಣ್ಣ ಯಾವುದಾದರೂ ಸರಿ, ಹಳೆಯ ಮಾಡೆಲ್ ಆದರೂ ಪರವಾಗಿಲ್ಲ, ಬಿಸಿಯಾದಾಗ ಗಾಳಿ ಹಾಕುವ ಫ್ಯಾನು ಗಟ್ಟಿಯಾಗಿರಲಿ ಎಂದೆಲ್ಲ ಬರೆದು, ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಹಾಕಿದ್ದಳು: 'ಜಂಟಿ ಗ್ರಾಫಿಕ್ಸ್ ಸಾಲುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು.'

ಇಲ್ಲಿ ನಮ್ಮ ಪಿ.ಡಿ.ಒ. ಸಾಹೇಬರ ಹಿನ್ನೆಲೆ ಹೇಳಬೇಕು. ಈ ಹುದ್ದೆಗೆ ಬರುವ ಮೊದಲು ಅವರು ಹದಿನಾಲ್ಕು ವರ್ಷ ರೇಷನ್ ಕಾರ್ಡ್ ವಿಭಾಗದಲ್ಲಿದ್ದವರು. ಅಣ್ಣತಮ್ಮಂದಿರು ಬೇರೆಯಾದರೆ ಜಂಟಿ ಕಾರ್ಡ್ ಒಡೆದು ಪ್ರತ್ಯೇಕ ಕಾರ್ಡ್ ಕೊಡುವುದರಲ್ಲಿ ಅವರಷ್ಟು ಪಳಗಿದ ಕೈ ನಾಲ್ಕು ತಾಲ್ಲೂಕಿನಲ್ಲಿಲ್ಲ. ಆ ಕೆಂಪು ಸಾಲು ಓದುತ್ತಲೇ ಅವರ ಮುಖ ಅರಳಿತು. ಎಷ್ಟೋ ದಿನದ ಮೇಲೆ ತಮಗೆ ಅರ್ಥವಾಗುವ ಒಂದು ಮಾತು ಆ ಅರ್ಜಿಯಲ್ಲಿ ಸಿಕ್ಕಿತ್ತು. ಕೂಡಲೇ ಠರಾವು ಬರೆಸಿದರು: 'ಫಲಾನುಭವಿಯು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹೊಂದಿರತಕ್ಕದ್ದು. ಜಂಟಿ ಕಾರ್ಡುದಾರರನ್ನು ಯಾವುದೇ ಕಾರಣಕ್ಕೂ ಪರಿಗಣಿಸತಕ್ಕದ್ದಲ್ಲ.'

ಹರ್ಷಿತಾ ಓಡಿ ಬಂದು, ಅದು ಮನುಷ್ಯರಿಗೆ ಕೊಡುವ ಕಾರ್ಡಲ್ಲ, ಲ್ಯಾಪ್‌ಟಾಪಿನ ಒಳಗೇ ಕೂರಿಸಿರುವ ಒಂದು ಭಾಗ, ಚಿತ್ರ ಬೇಗ ಬೇಗ ಮೂಡಲು ಅದು ಬೇಕು ಎಂದು ಅರ್ಧ ಗಂಟೆ ವಿವರಿಸಿದಳು. ಪೇಪರಿನ ಮೇಲೆ ಚಿತ್ರವನ್ನೂ ಬರೆದು ತೋರಿಸಿದಳು. ಪ್ರಸನ್ನ ಕುಮಾರರು ತಾಳ್ಮೆಯಿಂದ ಕೇಳಿದರು. ಅವರು ಸಿಡುಕುವ ಮನುಷ್ಯರಲ್ಲ.

"ಕಾರ್ಡು ಅರ್ಜಿದಾರರ ಕೈಲಿರಬೇಕು ಕಣಮ್ಮ," ಎಂದರು. "ಮೆಷಿನ್ ಒಳಗೆ ಇಟ್ಟು ಸ್ಕ್ರೂ ಹಾಕಿಬಿಟ್ರೆ, ನಾಳೆ ಆಡಿಟ್ನೋರು ಬಂದ್ರೆ ನಾನು ಏನು ತೋರಿಸಲಿ?"

ಹುಡುಗಿ ಚಿತ್ರ ಬರೆದ ಪೇಪರನ್ನು ಮಡಚಿಕೊಂಡಳು. ಆಡಿಟ್ ಎಂಬ ಮಾತಿಗೆ ನಮ್ಮ ಕಡೆ ಯಾರ ಹತ್ತಿರವೂ ಉತ್ತರವಿಲ್ಲ.

ಗ್ರಾಫಿಕ್ಸ್ ಕಾರ್ಡ್ ಕೊಡುವ ಪ್ರಾಧಿಕಾರ ಯಾವುದೆಂದು ಕೇಳಿ ಮೇಲಿನ ಕಚೇರಿಗೆ ಪತ್ರ ಬರೆದೆವು. ಏಳು ದಿನ ಕಾದರೂ ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ಒಪ್ಪಿಗೆ ಇದೆಯೆಂದೇ ಭಾವಿಸತಕ್ಕದ್ದು ಎಂದು ಪಿ.ಡಿ.ಒ. ಷರಾ ಬರೆದು, ಸದರಿ ಕಾರ್ಡನ್ನು ಪಂಚಾಯಿತಿಯಿಂದಲೇ ಕೊಡುವುದೆಂದು ತೀರ್ಮಾನವಾಯಿತು. ನಮೂನೆ ಅಚ್ಚಾಯಿತು. ಹೆಸರು, ತಂದೆ ಅಥವಾ ಗಂಡನ ಹೆಸರು, ಜಾತಿ, ಒಲೆಗಳ ಸಂಖ್ಯೆ. ಪ್ರತ್ಯೇಕ ಕಾರ್ಡು ಬೇಕಾದರೆ ಒಲೆ ಬೇರೆಯಿರಬೇಕು, ಸ್ಥಳ ಮಹಜರು ಆಗಬೇಕು, ಮತ್ತು ಮನೆಯ ಯಜಮಾನನಿಂದ ಪಾಲಾಗಿದ್ದೇವೆಂದು ಬರೆಸಿ ತರಬೇಕು.

ಮೋಹನ್ ಕುಮಾರ್ ಎರಡು ದಿನ ಕುದಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇದೇ ಅದು ಎಂದು ಟೀ ಅಂಗಡಿಯಲ್ಲಿ ನನ್ನ ಎದುರಿಗೇ ಅಂದರು. ನಾನು ಪೂಜಾರಿಯ ಪಕ್ಕ ಗಂಟೆ ಹೊಡೆಯುವವನು, ಇನ್ನೊಂದು ಟೀ ಹೇಳಿದೆ. ಮೂರನೆಯ ದಿನ ಅವರೇ ಮಗಳಿಗೆ ಹೇಳಿದರು: "ತಾರೀಖು ಹತ್ರ ಬತ್ತಾ ಐತೆ. ಅವ್ರು ಏನ್ ಕೇಳ್ತಾರೋ ಅದನ್ನ ಕೊಟ್ಬುಡನ ಬುಡವ್ವ." ಹೀಗೆ ಜನವರಿ ಇಪ್ಪತ್ತೆರಡರಂದು ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲೆ ಅಪ್ಪ ಮಗಳು ಬೇರೆಯಾದರು. ಹುಡುಗಿಯ ಪಾಲಿಗೆ ಕೊಟ್ಟಿಗೆಯ ಪಕ್ಕದ ಜಗಲಿ, ಒಂದು ಚಾಪೆ ಮತ್ತು ಒಂದು ಪಾತ್ರೆ ಬಂದವು. ಮೂರು ಕಲ್ಲಿಟ್ಟು ಒಲೆ ಹೂಡಿದರು.

ಮಹಜರಿಗೆ ಹೋದವನು ನಾನೇ. ಒಲೆಯಲ್ಲಿ ಬೂದಿ ಇರಬೇಕು ಎಂಬುದು ನಿಯಮ, ಬೂದಿ ಇಲ್ಲದ ಒಲೆ ಕಾಗದದ ಒಲೆ. ಬೂದಿಯೇನೋ ಇತ್ತು. ಆದರೆ ನಾನು ನೋಡುತ್ತಿರುವಾಗಲೇ ಅಜ್ಜಿ ಹನುಮಕ್ಕ ತನ್ನ ಒಲೆಯಿಂದ ಮುದ್ದೆ, ಹುರುಳಿಕಾಳು ಸಾರು ತಂದು ಮೊಮ್ಮಗಳ ಮುಂದೆ ಇಟ್ಟುಬಿಟ್ಟರು. ಒಂದು ಒಲೆಯ ಊಟ ಇನ್ನೊಂದು ಒಲೆಗೆ ಹೋದರೆ ಕುಟುಂಬ ಜಂಟಿ ಎಂದೇ ಲೆಕ್ಕ. ನಾನು ಪೆನ್ನು ತೆಗೆದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಅಯ್ನೋರೆ, ಹುಟ್ಟಿದಾಗ್ಲಿಂದ ನನ್ ಕೈಲಿ ಉಂಡಿರೋ ಕೂಸು. ನಾನ್ ಇಕ್ಕಿದ್ ಮುದ್ದೆ ತಿಂದ್ರೆ ಆ ಕಾರ್ಡ್ ಹೊಂಟೋಯ್ತದಾ?"

ಹೋಗುತ್ತದೆ ಎಂದೆ. ಅಜ್ಜಿ ತಟ್ಟೆ ಎತ್ತಿಕೊಂಡು ಸೆರಗಿನಲ್ಲಿ ಕಣ್ಣು ಒರೆಸುತ್ತಾ ಒಳಗೆ ಹೋದರು. ಮುದ್ದೆಯ ವಿಷಯ ಬರೆಯದೆ, 'ಬೂದಿ ಬಿಸಿಯಿರುತ್ತದೆ' ಎಂದಷ್ಟೇ ಬರೆದು ಬಂದೆ. ನನ್ನ ಹತ್ತೊಂಬತ್ತು ವರ್ಷದ ಸೇವೆಯಲ್ಲಿ ನಿಯಮ ಮೀರಿದ್ದು ಅದೊಂದೇ ಸಲ.

ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಪಂಚಾಯಿತಿಯಲ್ಲಿ ಹೊಸ ಕಾರ್ಡು ಕೊಡುತ್ತಿದ್ದಾರೆ ಎಂದ ಮೇಲೆ ಅದು ಯಾತಕ್ಕೆ ಎಂದು ಕೇಳುವ ದಡ್ಡರು ನಮ್ಮ ಕಡೆ ಇಲ್ಲ. ಮೊದಲು ಸಾಲಿನಲ್ಲಿ ನಿಲ್ಲುತ್ತಾರೆ, ಆಮೇಲೆ ವಿಚಾರಿಸುತ್ತಾರೆ. ಬೆಳಿಗ್ಗೆ ಆರಕ್ಕೇ ಚಪ್ಪಲಿಗಳು ಸಾಲಿನಲ್ಲಿ ಕೂತಿರುತ್ತಿದ್ದವು. ವಳ್ಳೂರಿನ ಕಡೆ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟಿರುವ ಒಬ್ಬರು ಬೈಕಿನಲ್ಲಿ ಬಂದು, "ಮಾಕೂ ಒಕ ಕಾರ್ಡು ಈಯಂಡಿ ಸ್ವಾಮಿ," ಎಂದು ತೆಲುಗಿನಲ್ಲಿ ತಮಗೂ ಒಂದು ಕೇಳಿ ಕೈ ಮುಗಿದರು. ಬೇರೆ ಪಂಚಾಯಿತಿಯವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸುವಷ್ಟರಲ್ಲಿ ಸಾಕಾಯಿತು. ಲ್ಯಾಮಿನೇಷನ್ ಮಾಡುವವನೊಬ್ಬ ಮಧುಗಿರಿಯಿಂದ ಮೆಷಿನ್ ತಂದು ನಮ್ಮ ಜಗಲಿಯಲ್ಲೇ ಬಿಡಾರ ಹೂಡಿದ. ಊರಿನಲ್ಲಿ ಆ ತಿಂಗಳು ಅರವತ್ತೆಂಟು ಹೊಸ ಒಲೆಗಳು ಹುಟ್ಟಿದವು.

ಕಾರ್ಡಿನ ಮುಂಭಾಗದಲ್ಲಿ ಫಲಾನುಭವಿಯ ಭಾವಚಿತ್ರ, ಹಿಂಭಾಗದಲ್ಲಿ ಅದರ ಎರಡರಷ್ಟು ಅಗಲದ ಅಧ್ಯಕ್ಷರ ಭಾವಚಿತ್ರ. ಗ್ರಾಫಿಕ್ಸ್ ಎಂದರೆ ಚಿತ್ರ ಎಂದು ಹುಡುಗಿಯೇ ಹೇಳಿದ್ದಳಲ್ಲ, ಆದ್ದರಿಂದ ಇದು ಕ್ರಮಬದ್ಧವೆಂದು ಅಧ್ಯಕ್ಷರು ಹೇಳಿದರು. ಹರ್ಷಿತಾಗೆ ಸಿಕ್ಕಿದ್ದು ಮೂವತ್ತೆಂಟನೇ ನಂಬರಿನ ಕಾರ್ಡು. ಮೊದಲಿನ ಮೂವತ್ತೇಳು ಅಧ್ಯಕ್ಷರ ನೆಂಟರಿಷ್ಟರ ಪಾಲಾದವು. ಅವರ ಒಲೆಗಳನ್ನು ನಾನು ನೋಡಲಿಲ್ಲ. ದೊಡ್ಡವರ ಮನೆಯ ಬೂದಿ ಇದ್ದೇ ಇರುತ್ತದೆ.

ಫೆಬ್ರವರಿ ಹದಿನಾಲ್ಕರಂದು ಆಯ್ಕೆ ಸಮಿತಿಯು ಜೀಪಿನಲ್ಲಿ ಶಿರಾಕ್ಕೆ ಹೊರಟಿತು. ಫಲಾನುಭವಿ ಜೊತೆಗಿದ್ದರೆ ಆಯ್ಕೆಯ ಮೇಲೆ ಪ್ರಭಾವ ಬೀರಬಹುದೆಂದು ಹರ್ಷಿತಾಳನ್ನು ಬಿಟ್ಟು ಹೋದೆವು. ಅವಳು ಜೀಪಿನ ಹಿಂದೆ ಓಡಿ ಬಂದು, ತಾನು ಗುರುತು ಹಾಕಿದ್ದ ಮಾಡೆಲಿನ ಹೆಸರು ಬರೆದ ಚೀಟಿಯನ್ನು ನನ್ನ ಕೈಗೆ ತುರುಕಿದಳು. ಅಂಗಡಿಯ ಗೌರೀಶ್ ಒಳ್ಳೆಯ ವ್ಯಾಪಾರಸ್ಥ. ಚೀಟಿ ನೋಡಿ ಎರಡು ಲ್ಯಾಪ್‌ಟಾಪ್ ತಂದು ಪಕ್ಕಪಕ್ಕ ಇಟ್ಟರು. ಇದು ಚೀಟಿಯಲ್ಲಿರೋದು, ಗ್ರಾಫಿಕ್ಸ್ ಕಾರ್ಡ್ ಒಳಗೇ ಇದೆ. ಇದರಲ್ಲಿ ಕಾರ್ಡ್ ಇಲ್ಲ, ಇಪ್ಪತ್ತೆಂಟು ಸಾವಿರ ಕಡಿಮೆ, ಆಫೀಸ್ ಕೆಲಸಕ್ಕೆ ಪರವಾಗಿಲ್ಲ, ಆಟಕ್ಕೆ ಆಗೋದಿಲ್ಲ ಎಂದು ಬಿಡಿಸಿ ಹೇಳಿದರು.

ಪ್ರಸನ್ನ ಕುಮಾರರು ಎರಡನ್ನೂ ಕೂಲಂಕಷವಾಗಿ ನೋಡಿದರು. ಮುಚ್ಚಿದರು, ತೆರೆದರು, ತೂಕ ನೋಡಿದರು. ಆಮೇಲೆ ಫೈಲು ಬಿಚ್ಚಿ ಮೂವತ್ತೆಂಟನೇ ನಂಬರಿನ ನಕಲು ಪ್ರತಿ ತೆಗೆದು ಗೌರೀಶರ ಮೇಜಿನ ಮೇಲಿಟ್ಟರು.

"ಫಲಾನುಭವಿಗೆ ಕಾರ್ಡು ಈಗಾಗಲೇ ಮಂಜೂರಾಗಿದೆ. ಒಬ್ಬರಿಗೇ ಎರಡು ಕಾರ್ಡು ಕೊಟ್ಟರೆ ಅದು ಡಬಲ್ ಮಂಜೂರಾತಿ. ಕಾರ್ಡಿಲ್ಲದ್ದೇ ಕೊಡಿ."

ಗೌರೀಶ್ ನನ್ನ ಮುಖ ನೋಡಿದರು. ನಾನು ಚೀಟಿ ನೋಡಿದೆ. ಅಧ್ಯಕ್ಷರು ಗಡಿಯಾರ ನೋಡಿದರು, ಬಿರಿಯಾನಿ ಹೋಟೆಲಿನಲ್ಲಿ ಜಾಗ ಸಿಗದಂತಾದೀತು ಎಂಬ ಯೋಚನೆ ಅವರದು. ಬಜೆಟ್ ಸ್ನೇಹಿ ಎಂದರೆ ಏನೆಂದು ನನಗೆ ಆ ದಿನ ಸರಿಯಾಗಿ ತಿಳಿಯಿತು. ಉಳಿದ ಇಪ್ಪತ್ತೆಂಟು ಸಾವಿರ ಫ್ಲೆಕ್ಸ್, ಶಾಮಿಯಾನ, ಲ್ಯಾಮಿನೇಷನ್ ಮತ್ತು ಸಮಿತಿಯ ಊಟೋಪಚಾರಕ್ಕೆ ಕರಾರುವಾಕ್ಕಾಗಿ ಸರಿಹೋಯಿತು.

ಹದಿನೆಂಟರಂದು ಸಮಾರಂಭ. ಹುಡುಗಿಗೆ ಪೇಟ, ಶಾಲು, ಹಾರ. ಲ್ಯಾಪ್‌ಟಾಪ್ ಕೈಗೆ ಬಂದ ಕೂಡಲೇ ಅವಳು ವೇದಿಕೆಯ ಮೇಲೇ ತಿರುಗಿಸಿ ತಳಕ್ಕೆ ಅಂಟಿಸಿದ್ದ ಕಂಪನಿಯ ಚೀಟಿ ಓದಿದಳು. ಮುಖ ಕಪ್ಪಿಟ್ಟಿತು. ಇದರಲ್ಲಿ ಕಾರ್ಡಿಲ್ಲ ಸರ್ ಎಂದಳು. ನಿನ್ನ ಹತ್ತಿರ ಇದೆಯಲ್ಲಮ್ಮ ಎಂದು ಪಿ.ಡಿ.ಒ. ಪ್ರೀತಿಯಿಂದಲೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಇಪ್ಪತ್ತನೇ ತಾರೀಖು ಮಧ್ಯಾಹ್ನ ಮೂರಕ್ಕೆ ಸ್ಪರ್ಧೆ ಶುರುವಾಯಿತು. ನಾನೂ ಹೋಗಿ ಅವರ ಜಗಲಿಯಲ್ಲಿ ಕೂತಿದ್ದೆ. ಹನುಮಕ್ಕ ಕಾರ್ಡಿಗೆ ಕುಂಕುಮ ಹಚ್ಚಿ ಲ್ಯಾಪ್‌ಟಾಪಿಗೆ ಒರಗಿಸಿ ಇಟ್ಟಿದ್ದರು. ಉಳಿದ ಊರುಗಳವರ ಕಾರುಗಳು ಹೊರಟು ಹೋದವು. ಹರ್ಷಿತಾಳ ಪರದೆಯಲ್ಲಿ ಒಂದು ಚಕ್ರ ಮೂಡಿತು. ಉಳಿದ ಮೂರು ಚಕ್ರ ಬರುವಷ್ಟರಲ್ಲಿ ಅವರು ಎರಡು ಸುತ್ತು ಮುಗಿಸಿದ್ದರು. ಮೊದಲ ತಿರುವಿನಲ್ಲಿ ಕಾರು ನಿಂತಿತು, ಲ್ಯಾಪ್‌ಟಾಪ್ ಕಾದು ಹೆಂಚಾಯಿತು, ಪರದೆ ನೀಲಿಯಾಯಿತು. ಅಷ್ಟೇ. ಹುಡುಗಿ ಅಳಲಿಲ್ಲ, ಸುಮ್ಮನೆ ಆ ನೀಲಿಯನ್ನೇ ನೋಡುತ್ತ ಕೂತಳು. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಮೋಹನ್ ಕುಮಾರ್ ಮೆಲ್ಲಗೆ ಅಂದರು. ನಾನು ವರದಿಯಲ್ಲಿ 'ಸ್ಪರ್ಧೆಯಲ್ಲಿ ಭಾಗವಹಿಸಿರುತ್ತಾರೆ' ಎಂದು ಬರೆದೆ. ಸಂಕಟಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಹರ್ಷಿತಾ ಮೇಲಿನ ಕಚೇರಿಗೆ ದೂರು ಕೊಟ್ಟಳು. ಹತ್ತು ದಿನದಲ್ಲಿ ಹಿಂಬರಹ ಬಂತು. ಕಾರ್ಡ್ ನಂಬರ್ ಮೂವತ್ತೆಂಟರ ಕಂಪ್ಯೂಟರ್ ದಾಖಲಾತಿ ಆಗಿಲ್ಲದ ಕಾರಣ ಕಾರ್ಡು ಚಾಲ್ತಿಯಲ್ಲಿರುವುದಿಲ್ಲ, ಸದರಿ ಲೋಪಕ್ಕೆ ಅರ್ಜಿದಾರರೇ ಹೊಣೆ ಎಂದು ಅದರಲ್ಲಿತ್ತು. ನೋಡಿದರೆ ನಾನೂರ ಚಿಲ್ಲರೆ ಕಾರ್ಡುಗಳಲ್ಲಿ ಒಂದೂ ದಾಖಲಾಗಿರಲಿಲ್ಲ. ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಟ್ಟು ಕೂತಿತ್ತು. ಊರಿನಲ್ಲಿ ಚಾಲೂ ಇದ್ದ ಲ್ಯಾಪ್‌ಟಾಪ್ ಒಂದೇ, ಅದನ್ನು ಬಲ್ಲವಳೂ ಒಬ್ಬಳೇ. ಹೀಗಾಗಿ ಕಾಲೇಜು ಮುಗಿಸಿ ಬಂದ ಮೇಲೆ ದಿನಕ್ಕೆ ಎರಡು ತಾಸು, ದಿನಗೂಲಿ ಆಧಾರದ ಮೇಲೆ, ಹರ್ಷಿತಾಳನ್ನೇ ಗ್ರಾಫಿಕ್ಸ್ ಕಾರ್ಡ್ ದಾಖಲಾತಿಗೆ ನೇಮಿಸಲಾಯಿತು. ಟೈಪಿಂಗಿಗೆ ಆ ಲ್ಯಾಪ್‌ಟಾಪ್ ಬಹಳ ಚೆನ್ನಾಗಿದೆ.

ಮೊದಲ ವಾರ ಅವಳು ಬಂದವರಿಗೆಲ್ಲ ಗ್ರಾಫಿಕ್ಸ್ ಕಾರ್ಡ್ ಎಂದರೆ ನಿಜವಾಗಿ ಏನೆಂದು ವಿವರಿಸುತ್ತಿದ್ದಳು. ಜನ ಪೂರ್ತಿ ಕೇಳಿ, ತಲೆಯಾಡಿಸಿ, ತಮ್ಮದು ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಎರಡನೇ ವಾರ ವಿವರಿಸುವುದು ಅರ್ಧಕ್ಕೆ ನಿಂತಿತು. ಈಗ ಅವಳು ತಲೆಯೆತ್ತದೆ ಸರಸರ ಹೊಡೆಯುತ್ತಾಳೆ, ಒಂದು ತಪ್ಪೂ ಇರುವುದಿಲ್ಲ.

ನಿನ್ನೆ ಸಂಜೆ ಕೆಳಗಿನ ಬೀದಿಯ ಇಂದ್ರಮ್ಮ ಬಂದರು. ಎಪ್ಪತ್ತು ದಾಟಿದ ಮುದುಕಿ, ಒಬ್ಬರೇ ಇದ್ದಾರೆ, ಮೂರು ಸಲ ವಾಪಸ್ಸಾಗಿದ್ದ ಅರ್ಜಿ. ಹರ್ಷಿತಾಳ ಎದುರು ಕುಕ್ಕರುಗಾಲಿನಲ್ಲಿ ಕೂತು, "ಅಲ್ಲಾ ಕಣಮ್ಮ, ಎಲ್ರೂ ಮಾಡುಸ್ಕತಾವ್ರೆ ಅಂತ ನಾನೂ ಬಂದೆ. ಈ ಕಾರ್ಡಿಂದ ಏನ್ ಬತ್ತದೆ?" ಎಂದು ಕೇಳಿದರು.

ನಾನು ಪಕ್ಕದ ಮೇಜಿನಲ್ಲಿ ಕಂದಾಯದ ರಸೀದಿ ಬರೆಯುತ್ತಿದ್ದವನು ಕೈ ತಡೆದೆ. ಹುಡುಗಿ ಕೀಲಿಮಣೆಯಿಂದ ಕೈ ತೆಗೆದಳು. ಆಮೇಲೆ ಇಂದ್ರಮ್ಮನ ಎಡಗೈ ಹೆಬ್ಬೆಟ್ಟನ್ನು ಮೆಲ್ಲಗೆ ಹಿಡಿದು ಬೆರಳಚ್ಚು ತೆಗೆಯುವ ಯಂತ್ರದ ಮೇಲೆ ಒತ್ತಿದಳು.

"ಸದ್ಯಕ್ಕೆ ಏನೂ ಬರಲ್ಲ ಅಜ್ಜಿ," ಎಂದಳು. "ಮಾಡಿಸಿ ಇಟ್ಕೊಂಡಿರಿ. ಮುಂದೆ ಬೇಕಾಗತ್ತೆ."

ಇಂದ್ರಮ್ಮನಿಗೆ ಸಮಾಧಾನವಾಯಿತು.