ಖಾಲಿ ಡಬ್ಬಿಯ ಬಿಕ್ಕಟ್ಟು

ನಾಸಿಕದ ಸಾತಪುರದಲ್ಲಿರುವ ನಮ್ಮ ಪಂಪಿನ ಕಾರ್ಖಾನೆಯಲ್ಲಿ ಚಹಾದ ಜೊತೆ ಕೊಡುತ್ತಿದ್ದ ಬಿಸ್ಕತ್ತನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಗಿದೆ. ಕೆಂಪು ಸಮುದ್ರದ ಪರಿಸ್ಥಿತಿಯೇ ಇದಕ್ಕೆ ಕಾರಣವೆಂದು ಮ್ಯಾನೇಜರು ತಿಳಿಸಿದ್ದಾರೆ. ಪರದೇಶಕ್ಕೆ ಮಾಲು ಕಳಿಸುವ ವಿಭಾಗದಲ್ಲಿ ಕೂತ ನನಗೆ ಇಂಥವು ಹೊಸದಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಹಡಗು ನಿಂತರೂ ಅದರ ಪೆಟ್ಟು ಸಮುದ್ರವೇ ಇಲ್ಲದ ಈ ಊರಿಗೆ ಬಂದು ಬೀಳುತ್ತದೆ.

ಆಫ್ರಿಕಾ ಸುತ್ತಿ

ಕ್ಯಾಂಟೀನಿನವನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಸಾಹೇಬ್, ಬಿಸ್ಕತ್ತು ಪಕ್ಕದ ಓಣಿಯ ಬೇಕರಿಯಿಂದ ಬರುತ್ತೆ. ನಡುವೆ ಸಮುದ್ರ ಎಲ್ಲಿದೆ?" ಎಂದು ಮರಾಠಿಯಲ್ಲಿ ಕೇಳಿದ.

"ಅಲ್ಲಿ ದಾಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿ ಹೋಗುತ್ತಿವೆ. ಖರ್ಚು ಎಲ್ಲಾದರೂ ಉಳಿಸಬೇಕಲ್ಲ?" ಎಂದರು ಮ್ಯಾನೇಜರು.

ಮರುದಿನ ಹನ್ನೊಂದರ ಚಹಾ ಹನ್ನೆರಡಕ್ಕೆ ಬಂತು. ಮ್ಯಾನೇಜರು ಗಡಿಯಾರ ತೋರಿಸಿದರು.

"ಆಫ್ರಿಕಾ ಸುತ್ತಿ ಬಂತು, ಸಾಹೇಬ್."

ಪರ್ಯಾಯ ಮಾರ್ಗ

ಇಂಥ ಅಡಚಣೆಗಳನ್ನು ತಾಳಿಕೊಳ್ಳುವುದು ಹೇಗೆಂದು ತಿಳಿಸಲು ಛತ್ರಪತಿ ಸಂಭಾಜಿನಗರದಿಂದ ತಜ್ಞರೊಬ್ಬರನ್ನು ಕರೆಸಿದರು. ಬೆಳಿಗ್ಗೆ ಬರಬೇಕಾದವರು ಊಟದ ಹೊತ್ತು ಮೀರಿ ಬಂದರು. ದಾರಿಯಲ್ಲಿ ಈರುಳ್ಳಿ ಟ್ರ್ಯಾಕ್ಟರ್ ಮಗುಚಿ ರಸ್ತೆ ಕಟ್ಟಿತ್ತಂತೆ.

"ಬೇರೆ ದಾರಿ ಇರಲಿಲ್ಲವೇ?" ಎಂದು ಕೇಳಿದೆ.

"ಗೊತ್ತಿರಲಿಲ್ಲ," ಎಂದವರೇ ಪರದೆಯ ಮೇಲೆ ಮೊದಲ ಪಾಠ ಮೂಡಿಸಿದರು: 'ಒಂದೇ ದಾರಿಯನ್ನು ನೆಚ್ಚಬೇಡಿ.'

ಡಬ್ಬಿಯ ಅರ್ಥಶಾಸ್ತ್ರ

ನನ್ನ ಕಷ್ಟ ಬೇರೆ. ವಿಜಯಪುರದಲ್ಲಿ ಹೆಂಡತಿಯ ತಂಗಿಯ ಮದುವೆ. ಜರ್ಮನಿಗೆ ಹೋಗಬೇಕಾದ ಪಂಪುಗಳು ಹಡಗು ಹತ್ತುವವರೆಗೆ ನನಗೆ ರಜೆ ಇಲ್ಲವೆಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಪಂಪುಗಳು ತಯಾರಿದ್ದವು. ತುಂಬಲು ಕಂಟೇನರ್ ಇರಲಿಲ್ಲ.

"ಖಾಲಿ ಡಬ್ಬಿ ಎಲ್ಲಾ ಪರದೇಶದಾಗ ಕೂತಾವ," ಎಂದು ಹೆಂಡತಿಗೆ ತಿಳಿಯುವಂತೆ ಹೇಳಿದೆ.

"ತಿರುಗಿ ಯಾಕ ಕಳಸವಲ್ರು?"

"ಬರೇ ಖಾಲಿ ಹೆಂಗ ಕಳಸ್ತಾರ? ಏನಾರ ತುಂಬಬೇಕಲ್ಲ."

ಅವಳ ಸಿಟ್ಟು ಇಳಿಯಿತು. ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ ಸಂಕ್ರಾಂತಿಗೆ ಎಳ್ಳುಂಡೆ ತುಂಬಿ ಕೊಟ್ಟಿದ್ದ ಸ್ಟೀಲ್ ಡಬ್ಬಿ ಇನ್ನೂ ನಮ್ಮ ಕಪಾಟಿನಲ್ಲೇ ಇತ್ತು. ಡಬ್ಬಿಯನ್ನು ಖಾಲಿ ತಿರುಗಿಸುವುದು ಎರಡೂ ಮನೆಗಳಲ್ಲಿ ಪದ್ಧತಿಯಲ್ಲ.

"ಪಾಪ, ಅವರ ಮನಿಯಾಗೂ ಶೇಂಗಾ ಮುಗದಿರಬೇಕು," ಎಂದಳು.

ಬಂದರು

ಕೊನೆಗೂ ಒಂದು ಕಂಟೇನರ್ ಸಿಕ್ಕಿತು. ಪಂಪು ತುಂಬಿಕೊಂಡು ಮುಂಬೈ ಬಂದರಿಗೂ ಹೋಯಿತು. ಹಡಗು ಮಾತ್ರ ಬಂದಿರಲಿಲ್ಲ. ಅರ್ಧ ಸುದ್ದಿಯೂ ಸುದ್ದಿಯೇ ಎಂದು ಮನೆಗೆ ಫೋನು ಮಾಡಿದೆ. ಎತ್ತಿದ್ದು ಮಗಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಮಾತ್ರ ಕಾರ್ಟೂನಿನ ಹಿಂದಿ.

"ನಮ್ಮ ಡಬ್ಬಿ ಬಂದರಕ್ಕ ಹೋತು ಅಂತ ಅವ್ವಗ ಹೇಳು."

ಅವಳು ಅಡುಗೆಮನೆಯತ್ತ ಕೂಗಿದಳು: "ಮಮ್ಮೀ, ಪಪ್ಪಾ ಕಾ ಡಬ್ಬಾ ಬಂದರ್ ಲೇ ಗಯಾ!"

ಹಿಂದಿಯಲ್ಲಿ ಬಂದರ್ ಎಂದರೆ ಮಂಗ. ಅಪ್ಪನ ಡಬ್ಬಿಯನ್ನು ಮಂಗ ಒಯ್ದಿತು ಎಂದಾಯಿತು. ತಿದ್ದೋಣವೆಂದರೆ ಫೋನಿನಲ್ಲಿ ಮತ್ತೆ ಕಾರ್ಟೂನು ಶುರುವಾಗಿತ್ತು. ನನ್ನ ಕರೆಗಳನ್ನೆಲ್ಲ ಮಗಳು ಕತ್ತರಿಸಿದಳು. ಹೋದ ತಿಂಗಳಷ್ಟೇ ತ್ರ್ಯಂಬಕೇಶ್ವರದಲ್ಲಿ ಹೆಂಡತಿಯ ಕೈಯ ತೆಂಗಿನಕಾಯಿಯನ್ನು ಮಂಗ ಒಯ್ದಿತ್ತು. ಹಾಗಾಗಿ ನನ್ನ ಊಟದ ಡಬ್ಬಿಯ ಗತಿಯ ಬಗ್ಗೆ ಅವಳಿಗೆ ಅನುಮಾನವೇ ಬರಲಿಲ್ಲ.

ಮಧ್ಯಾಹ್ನ ಗೇಟಿಗೆ ರಿಕ್ಷಾ ಬಂತು. ಕಾಕುಗೆ ಕೊಡಲೆಂದು ಅಂದೇ ಮಾಡಿದ್ದ ಶೇಂಗಾ ಹೋಳಿಗೆ ಅವರದೇ ಡಬ್ಬಿಯಲ್ಲಿ ಕೂತು ನನ್ನ ರಕ್ಷಣೆಗೆ ಬಂದಿತ್ತು. ಗೇಟಿನಲ್ಲಿದ್ದ ಮ್ಯಾನೇಜರನ್ನು ಹೆಂಡತಿ ಮರಾಠಿಯಲ್ಲಿ, "ಸಾಹೇಬ್, ಇಲ್ಲಿ ಮಂಗಗಳ ಕಾಟ ಬಹಳವೇ?" ಎಂದು ವಿಚಾರಿಸಿದಳು.

ಅವರಿಗೆ ಏನೂ ತಿಳಿಯಲಿಲ್ಲ. ರೂಢಿಯ ಮೇಲೆ, "ಎಲ್ಲ ಕೆಂಪು ಸಮುದ್ರದಿಂದ, ವಹಿನಿ," ಎಂದರು.

ನನ್ನ ಊಟ ಆಗಿಹೋಗಿತ್ತು. ಡಬ್ಬಿ ಅವರ ಮೇಜಿಗೆ ಹೋಯಿತು. ಕೊನೆಯ ಹೋಳಿಗೆ ಮುಗಿದ ಮೇಲೆ ಅವರ ಮುಖದಲ್ಲಿ ಗಾಬರಿ ಕಂಡಿತು. ಅವರ ಮನೆಯಲ್ಲೂ ಅದೇ ಪದ್ಧತಿ. ಖಾಲಿ ಡಬ್ಬಿ ಹೇಗೆ ಕೊಡುವುದು? ಡ್ರಾಯರ್‌ನಲ್ಲಿ ಸ್ಟೇಪ್ಲರ್ ಬಿಟ್ಟರೆ ಏನೂ ಇರಲಿಲ್ಲ. ಬಿಸ್ಕತ್ತನ್ನು ಅವರೇ ನಿಲ್ಲಿಸಿದ್ದರು. ಕಡೆಗೆ ನನ್ನ ರಜೆಯ ಅರ್ಜಿಗೆ ಸಹಿ ಹಾಕಿ, ಮಡಚಿ ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿ ಕೊಟ್ಟರು.

ಹಡಗು ಆಫ್ರಿಕಾ ಸುತ್ತಿ ಜರ್ಮನಿ ಮುಟ್ಟಿತು. ನಾವು ಮದುವೆ ಮುಗಿಸಿಕೊಂಡು ಬಂದೆವು. ಕಾಕುವಿನ ಡಬ್ಬಿ ನಮ್ಮ ಕಪಾಟಿನಲ್ಲಿದೆ, ಖಾಲಿ.